ಕೆರೆಯ ನೀರಿನ ಮೇಲೆ ನಿಗಾ: ಊರಿನವರೂ ಉದ್ಯಮಗಳೂ ಕೂಡಿ ನಡೆಸಲು ಒಂದು ಸಮಗ್ರ ಮಾರ್ಗದರ್ಶಿ

ಕೆರೆಯ ನೀರನ್ನು ಅಳೆಯುವುದು ಅಂಥ ಕಷ್ಟದ ಕೆಲಸವೇನಲ್ಲ. ಬಣ್ಣ ಬದಲಿಸುವ ಪರೀಕ್ಷಾ ಕಿಟ್, ಹಗ್ಗಕ್ಕೆ ಕಟ್ಟಿದ ಒಂದು ತಟ್ಟೆ, ಕೈಯಲ್ಲಿ ಹಿಡಿಯುವ ಒಂದೆರಡು ಮೀಟರ್ ಇದ್ದರೆ ಆಸಕ್ತಿಯುಳ್ಳ ಯಾರು ಬೇಕಾದರೂ ಕೆಲವು ಗಂಟೆಗಳ ತರಬೇತಿಯಲ್ಲಿ ಕಲಿಯಬಹುದು. ಕಷ್ಟವಿರುವುದು ಆ ಅಳತೆಯನ್ನು ವರ್ಷಗಟ್ಟಲೆ ಒಂದೇ ಕ್ರಮದಲ್ಲಿ ನಡೆಸಿಕೊಂಡು ಹೋಗುವುದರಲ್ಲಿ, ಮತ್ತು ಹೊರಬಿದ್ದ ಅಂಕಿಯನ್ನು ದಂಡೆಯ ಕಾರ್ಖಾನೆಯಾಗಲಿ, ಮೇಲಿನ ಬಡಾವಣೆಯಾಗಲಿ, ಸಂಬಂಧಪಟ್ಟ ಇಲಾಖೆಯಾಗಲಿ ಸುಲಭವಾಗಿ ತಳ್ಳಿಹಾಕಲಾಗದಂತೆ ಮಾಡುವುದರಲ್ಲಿ. ಊರಿನವರ ಬಳಿ ಸಮಯವಿರುತ್ತದೆ, ಕೆರೆ ಹಿಂದೆ ಹೇಗಿತ್ತೆಂಬ ನೆನಪಿರುತ್ತದೆ, ಇದು ನಮ್ಮದೆಂಬ ಅಭಿಮಾನವಿರುತ್ತದೆ. ಉದ್ಯಮದ ಬಳಿ ಹಣ, ಪ್ರಯೋಗಾಲಯ, ವಾಹನ ಮತ್ತು ದಾಖಲೆ ಇಡುವ ಅಭ್ಯಾಸ ಇರುತ್ತದೆ. ಎರಡೂ ಕೂಡಿದರೆ ಗಟ್ಟಿಯಾದ ನಿಗಾ ವ್ಯವಸ್ಥೆಯನ್ನು ಕಟ್ಟಬಹುದು, ಆದರೆ ಒಂದು ಷರತ್ತಿನ ಮೇಲೆ: ಪಾಲುದಾರ ಸಂಸ್ಥೆಗೆ ಇರುಸುಮುರುಸು ತರುವ ಅಂಕಿಯೂ ಉಳಿದ ಅಂಕಿಗಳಂತೆಯೇ, ತಪ್ಪದೆ, ಅದೇ ಜಾಗದಲ್ಲಿ ಪ್ರಕಟವಾಗಬೇಕು. ಮುಂದಿನ ಹಂತಗಳಲ್ಲಿ ಬಹುಪಾಲು ಈ ಷರತ್ತನ್ನು ಉಳಿಸಿಕೊಳ್ಳುವುದಕ್ಕಾಗಿಯೇ ಇವೆ.

ಹಂತ 1: ಮೊದಲು ಪ್ರಶ್ನೆ, ಆಮೇಲೆ ಉಪಕರಣ

ಅನೇಕ ಗುಂಪುಗಳು ಉಪಕರಣ ಕೊಂಡ ನಂತರ, ಇದರಿಂದ ಏನನ್ನು ಅಳೆಯೋಣ ಎಂದು ಯೋಚಿಸಲು ತೊಡಗುತ್ತವೆ. ಮೊದಲು ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳಬೇಕು. ಯಾವ ಕಾಲುವೆಯಿಂದ ಕೊಳಚೆ ಬರುತ್ತಿದೆ ಎಂಬುದು ಒಂದು ಪ್ರಶ್ನೆ. ಬೇಸಿಗೆಯಲ್ಲಿ ಮೀನುಗಳು ಏಕೆ ಸಾಯುತ್ತವೆ ಎಂಬುದು ಬೇರೆಯೇ ಪ್ರಶ್ನೆ. ಇಲ್ಲಿ ಮಕ್ಕಳು ಈಜಬಹುದೇ ಎಂಬುದು ಮೂರನೆಯದು. ಮೊದಲನೆಯದಕ್ಕೆ ಒಳಹರಿವಿನ ಬಾಯಿಗಳಲ್ಲಿ ವಿದ್ಯುತ್ ವಾಹಕತೆ (ನೀರಿನಲ್ಲಿ ಕರಗಿದ ಲವಣಗಳ ಸೂಚಕ) ಮತ್ತು ಅಮೋನಿಯಾ ಅಳೆದರೆ ದಾರಿ ಕಾಣುತ್ತದೆ, ಎರಡನೆಯದಕ್ಕೆ ನಸುಕಿನ ಹೊತ್ತಿನ ಆಮ್ಲಜನಕ ಬೇಕು, ಮೂರನೆಯದಕ್ಕೆ ಇ. ಕೋಲಿ ಬ್ಯಾಕ್ಟೀರಿಯಾದ ಎಣಿಕೆ ಮತ್ತು ನೀಲಿ-ಹಸಿರು ಪಾಚಿಯ ಮೇಲೆ ಕಣ್ಣು ಬೇಕು. ಈ ಮೂರನ್ನೂ ಒಂದೇ ವೇಳಾಪಟ್ಟಿಯಲ್ಲಿ ತುರುಕಿದರೆ ಯಾವುದಕ್ಕೂ ಸರಿಯಾದ ಉತ್ತರ ಸಿಗುವುದಿಲ್ಲ.

ಅಂಕಿಯನ್ನು ಯಾವುದಕ್ಕೆ ಬಳಸುತ್ತೀರಿ ಎಂಬುದನ್ನೂ ಇದೇ ಹಂತದಲ್ಲಿ ತೀರ್ಮಾನಿಸಿ. ಜನರಲ್ಲಿ ಅರಿವು ಮೂಡಿಸುವುದಷ್ಟೇ ಉದ್ದೇಶವಾದರೆ ಬಣ್ಣದ ಕಿಟ್ ಸಾಕು. ಎಲ್ಲಿ ತೊಂದರೆಯಿದೆ ಎಂದು ಪತ್ತೆಹಚ್ಚಿ ತಜ್ಞರ ಗಮನ ಸೆಳೆಯಬೇಕಾದರೆ ಕ್ಯಾಲಿಬ್ರೇಷನ್ ಮಾಡಿದ (ಗೊತ್ತಿರುವ ಪ್ರಮಾಣದ ದ್ರಾವಣದಲ್ಲಿಟ್ಟು ಸರಿಹೊಂದಿಸಿದ) ಮೀಟರುಗಳು ಮತ್ತು ಜೋಡಿ ಮಾದರಿಗಳು ಬೇಕು. ನಿಯಂತ್ರಣ ಸಂಸ್ಥೆಯ ಮುಂದೆಯೋ ನ್ಯಾಯಾಲಯದ ಮುಂದೆಯೋ ಇಡಬೇಕಾದರೆ ಮಾನ್ಯತೆ ಪಡೆದ ಪ್ರಯೋಗಾಲಯ ಮತ್ತು ಮಾದರಿ ಯಾರ ಕೈಯಿಂದ ಯಾರ ಕೈಗೆ ಯಾವಾಗ ಹೋಯಿತು ಎಂಬ ಲಿಖಿತ ದಾಖಲೆ ಇರಲೇಬೇಕು. ಮೊದಲ ಮಟ್ಟದ ಅಂಕಿಯನ್ನು ಹಿಡಿದುಕೊಂಡು ಮೂರನೆಯ ಮಟ್ಟದ ಆರೋಪ ಮಾಡಿದ ಗುಂಪಿನ ಮಾತಿಗೆ ಆಮೇಲೆ ಬೆಲೆಯಿರುವುದಿಲ್ಲ.

ಹಂತ 2: ಯಾರು ಯಾವ ಪಾತ್ರದಲ್ಲಿ

ಜನರೇ ಕೆರೆಗಳ ಮೇಲೆ ನಿಗಾ ಇಡುವುದು ಹೊಸ ಪ್ರಯೋಗವಲ್ಲ. ಅಮೆರಿಕದ ಮೇನ್ ಮತ್ತು ಮಿನ್ನೆಸೋಟ ರಾಜ್ಯಗಳಲ್ಲಿ ಸ್ವಯಂಸೇವಕರ ಕೆರೆ ಅಳತೆ 1970ರ ದಶಕದ ಆರಂಭದಿಂದಲೇ ನಡೆದುಬಂದಿದೆ. ಉದ್ಯಮವೂ ಕೈಜೋಡಿಸಿದ ದೊಡ್ಡ ಉದಾಹರಣೆಯೆಂದರೆ ಎಚ್‌ಎಸ್‌ಬಿಸಿ ಬ್ಯಾಂಕ್ 2012ರಲ್ಲಿ ಐದು ವರ್ಷಗಳಿಗೆಂದು ಆರಂಭಿಸಿದ 10 ಕೋಟಿ ಡಾಲರ್‌ಗಳ ಜಲ ಕಾರ್ಯಕ್ರಮ. ಅದರ ಭಾಗವಾಗಿ ಅರ್ತ್‌ವಾಚ್ ಸಂಸ್ಥೆ ನಡೆಸಿದ ಫ್ರೆಶ್‌ವಾಟರ್ ವಾಚ್ ಯೋಜನೆಯಲ್ಲಿ ಬ್ಯಾಂಕಿನ ನೌಕರರೇ ತರಬೇತಿ ಪಡೆದು, ಅನೇಕ ದೇಶಗಳ ನಗರಗಳ ಕೆರೆ ತೊರೆಗಳಲ್ಲಿ ನೈಟ್ರೇಟ್, ಫಾಸ್ಫೇಟ್ ಮತ್ತು ನೀರಿನ ಕದಡುವಿಕೆಯನ್ನು ಅಳೆದರು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ ಹಣ ಬ್ಯಾಂಕಿನದಾದರೂ ವಿಧಾನವನ್ನು ರೂಪಿಸಿದ್ದು ವಿಜ್ಞಾನ ಸಂಸ್ಥೆ.

ಪಾಲುದಾರರನ್ನು ಹುಡುಕುವಾಗ ಉದ್ಯಮಗಳನ್ನು ಎರಡು ಬಗೆಯಾಗಿ ನೋಡಿ. ಕೆರೆಗೆ ನೀರು ಬಿಡುವವು ಅಥವಾ ಕೆರೆಯಿಂದ ನೀರೆತ್ತುವವು ಒಂದು ಬಗೆ; ಕೆರೆಯೊಂದಿಗೆ ನೇರ ಸಂಬಂಧವಿಲ್ಲದ ಸಾಫ್ಟ್‌ವೇರ್ ಕಂಪನಿ, ಬ್ಯಾಂಕ್, ಉಪಕರಣ ತಯಾರಕರು, ಖಾಸಗಿ ಪ್ರಯೋಗಾಲಯಗಳು ಇನ್ನೊಂದು ಬಗೆ. ಮೊದಲನೆಯವರನ್ನು ದೂರವಿಡಬೇಕೆಂದು ಹಲವರು ವಾದಿಸುತ್ತಾರೆ. ನನಗೆ ಅದು ಸರಿಯೆನಿಸುವುದಿಲ್ಲ. ಕೊಳವೆಯ ಬಾಯಿ ಅವರ ಆವರಣದಲ್ಲಿರುತ್ತದೆ, ಯಾವ ಪಾಳಿಯಲ್ಲಿ ಎಷ್ಟು ನೀರು ಹೊರಬೀಳುತ್ತದೆ ಎಂಬುದು ಅವರಿಗೇ ಗೊತ್ತಿರುತ್ತದೆ, ತಪ್ಪು ಕಂಡರೆ ತಿದ್ದುವ ಶಕ್ತಿಯಿರುವುದೂ ಅವರಿಗೇ. ಅವರು ಮೇಜಿನ ಸುತ್ತ ಇರಲಿ, ಆದರೆ ಮಾದರಿಯನ್ನು ಪರೀಕ್ಷಿಸುವ ಪ್ರಯೋಗಾಲಯ ಅವರದಾಗಬಾರದು, ಅಂಕಿಯನ್ನು ಪ್ರಕಟಿಸುವ ಕೀಲಿಕೈಯೂ ಅವರ ಬಳಿ ಇರಬಾರದು.

ಊರಿನ ಕಡೆಯಿಂದ ಬರೀ ಉತ್ಸಾಹಿಗಳಿದ್ದರೆ ಸಾಲದು. ಮೀನುಗಾರರು, ದನಕರು ನೀರಿಗಿಳಿಸುವವರು, ದಂಡೆಯ ರೈತರು, ದಿನವೂ ದಡದ ಮೇಲೆ ನಡೆಯುವ ಹಿರಿಯರು ಇರಲಿ. ಮೀಟರು ಹಿಡಿಯದಿದ್ದರೂ ಇವರು ವಾಸನೆ ಬದಲಾದದ್ದನ್ನು, ನೊರೆ ಎದ್ದದ್ದನ್ನು ಎಲ್ಲರಿಗಿಂತ ಮೊದಲು ಕಾಣುತ್ತಾರೆ. ಸಮೀಪದ ಕಾಲೇಜಿನ ರಸಾಯನಶಾಸ್ತ್ರ ಅಥವಾ ಜೀವಶಾಸ್ತ್ರ ವಿಭಾಗವಿದ್ದರೆ ತಾಂತ್ರಿಕ ಸಲಹೆಯ ಹೊಣೆಯನ್ನು ಅವರಿಗೆ ಒಪ್ಪಿಸಿ.

ಹಂತ 3: ಒಡಂಬಡಿಕೆ

ಈ ಇಡೀ ಕೆಲಸದಲ್ಲಿ ಅತ್ಯಂತ ಮುಖ್ಯವಾದ ಕಾಗದವೆಂದರೆ ಮೊದಲ ಬಾಟಲಿಯನ್ನು ತುಂಬುವ ಮೊದಲೇ ಸಹಿಯಾಗಬೇಕಾದ ಒಡಂಬಡಿಕೆ. ಸಂಬಂಧ ಚೆನ್ನಾಗಿರುವಾಗ ಇದನ್ನು ಬರೆಯುವುದು ಅನವಶ್ಯಕವೆನಿಸುತ್ತದೆ. ಸಂಬಂಧ ಹಳಸಿದ ಮೇಲೆ ಬರೆಯಲು ಸಾಧ್ಯವೇ ಆಗುವುದಿಲ್ಲ.

ದತ್ತಾಂಶ ಯಾರದು ಎಂಬುದು ಅದರ ಮೊದಲ ಅಂಶ. ಅದು ಊರಿನ ಸಮಿತಿಯದು ಅಥವಾ ಸಾರ್ವಜನಿಕರದು ಎಂದು ಸ್ಪಷ್ಟವಾಗಿ ಬರೆಯಬೇಕು. ಪ್ರಕಟಣೆಗೆ ಮುನ್ನ ಪಾಲುದಾರರ ಅನುಮತಿ ಬೇಕಿಲ್ಲ ಎಂಬುದು ಎರಡನೆಯದು. ಉದ್ಯಮಗಳು ಸಾಮಾನ್ಯವಾಗಿ ಇಲ್ಲಿಯೇ ಹಿಂಜರಿಯುತ್ತವೆ, ಮತ್ತು ಅವರ ಆತಂಕದಲ್ಲಿ ಅರ್ಥವಿಲ್ಲದಿಲ್ಲ: ಕೈತಪ್ಪಿನಿಂದ ಬಂದ ಒಂದು ಅಂಕಿ ಪತ್ರಿಕೆಯ ಮುಖಪುಟಕ್ಕೆ ಹೋದರೆ ಹಾನಿ ನಿಜವೇ. ಅದಕ್ಕೊಂದು ನಡುದಾರಿಯಿದೆ. ಮಿತಿ ಮೀರಿದ ಅಂಕಿ ಬಂದರೆ ನಿಗದಿತ ಅವಧಿಯಲ್ಲಿ, ಉದಾಹರಣೆಗೆ ಮೂರು ದಿನಗಳಲ್ಲಿ, ಮರುಪರೀಕ್ಷೆ ನಡೆಯುತ್ತದೆ. ಪಾಲುದಾರರು ತಮ್ಮ ವಿವರಣೆಯನ್ನು ಕೊಡಬಹುದು. ಅವಧಿ ಮುಗಿದಾಗ ಎರಡೂ ಅಂಕಿಗಳು ವಿವರಣೆಯೊಡನೆ ಪ್ರಕಟವಾಗುತ್ತವೆ. ವಿವರಣೆ ಬರಲಿಲ್ಲವೆಂದು ಪ್ರಕಟಣೆ ನಿಲ್ಲುವುದಿಲ್ಲ. ಜನರ ಆರೋಗ್ಯಕ್ಕೆ ತಕ್ಷಣದ ಅಪಾಯವಿದೆ ಎನ್ನುವಂಥ ಸಂದರ್ಭಕ್ಕೆ ಈ ಮೂರು ದಿನಗಳ ನಿಯಮ ಅನ್ವಯಿಸುವುದಿಲ್ಲ ಎಂಬ ಸಾಲನ್ನೂ ಸೇರಿಸಿ.

ಹಣದ ಬಗ್ಗೆ ಬರೆಯುವಾಗ ಉಪಕರಣದ ಖರೀದಿಗಿಂತ ಅದನ್ನು ನಡೆಸುವ ಖರ್ಚಿಗೆ ಹೆಚ್ಚು ಗಮನ ಕೊಡಿ. ಉದ್ಘಾಟನೆ ಮಾಡಬಹುದಾದ ವಸ್ತುವಿಗೆ ಹಣ ಸುಲಭವಾಗಿ ಹುಟ್ಟುತ್ತದೆ. ನೀರು ಆಮ್ಲೀಯವೋ ಕ್ಷಾರೀಯವೋ ಎಂದು ಅಳೆಯುವ ಪಿಎಚ್ ಮೀಟರಿನ ಎಲೆಕ್ಟ್ರೋಡು ಸವೆದಾಗ ಹೊಸದನ್ನು ಕೊಳ್ಳಲು, ಅವಧಿ ಮುಗಿದ ರಾಸಾಯನಿಕವನ್ನು ಬದಲಿಸಲು, ಪ್ರಯೋಗಾಲಯದ ಶುಲ್ಕ ಕಟ್ಟಲು ಹುಟ್ಟುವುದಿಲ್ಲ. ಕನಿಷ್ಠ ಮೂರು ವರ್ಷಗಳ ಬದ್ಧತೆ ಇರಲಿ, ಏಕೆಂದರೆ ಮಳೆ ಹೆಚ್ಚಾದ ವರ್ಷ ಮತ್ತು ಕೊರತೆಯಾದ ವರ್ಷಗಳ ನಡುವಣ ಸಹಜ ಏರಿಳಿತ ಗೊತ್ತಾಗದೆ ಕೆರೆ ಸುಧಾರಿಸಿತೋ ಕೆಟ್ಟಿತೋ ಹೇಳಲಾಗದು. ಒಬ್ಬರೇ ದಾನಿಯ ಮೇಲೆ ಸಂಪೂರ್ಣ ಅವಲಂಬಿಸದಿರುವುದು ಲೇಸು. ಹಣ ಒಂದು ಸಾಮಾನ್ಯ ನಿಧಿಗೆ ಬಂದು ಅಲ್ಲಿಂದ ಖರ್ಚಾದರೆ ಯಾವ ಬಾಟಲಿಯೂ ಯಾವ ಕಂಪನಿಯದೂ ಆಗುವುದಿಲ್ಲ.

ಹೆಸರು ಮತ್ತು ಚಿಹ್ನೆಯ ಬಳಕೆ ಚಿಕ್ಕ ವಿಷಯದಂತೆ ಕಾಣುತ್ತದೆ, ಆದರೆ ಜಗಳಗಳು ಅಲ್ಲಿಂದಲೇ ಏಳುವುದುಂಟು. ಪಾಲುದಾರ ಉದ್ಯಮ ನಿಗಾ ಕೆಲಸಕ್ಕೆ ನೆರವು ನೀಡುತ್ತಿದೆ ಎಂದು ಹೇಳಿಕೊಳ್ಳಬಹುದು. ಕೆರೆ ಶುದ್ಧವಾಗಿದೆ ಎಂದಾಗಲಿ, ತಮ್ಮಿಂದ ಶುದ್ಧವಾಯಿತು ಎಂದಾಗಲಿ ಅಂಕಿಗಳ ಆಧಾರವಿಲ್ಲದೆ ಜಾಹೀರಾತು ಮಾಡಬಾರದು. ಕೊನೆಯದಾಗಿ, ಪಾಲುದಾರರು ಹೊರಹೋದರೆ ಉಪಕರಣ ಯಾರ ಬಳಿ ಉಳಿಯುತ್ತದೆ, ಹಳೆಯ ದತ್ತಾಂಶದ ಗತಿಯೇನು ಎಂಬುದನ್ನೂ ಬರೆದಿಡಿ.

ಹಂತ 4: ಎಲ್ಲಿ, ಎಷ್ಟು ಹೊತ್ತಿಗೆ

ಒಂದು ಸಾಧಾರಣ ಗಾತ್ರದ ಕೆರೆಗೆ ಎಲ್ಲಕ್ಕಿಂತ ಆಳವಾದ ಜಾಗದಲ್ಲಿ ಒಂದು ಬಿಂದು, ಪ್ರತಿಯೊಂದು ಮುಖ್ಯ ಒಳಹರಿವಿನ ಬಾಯಿಯಲ್ಲಿ ಒಂದೊಂದು, ಕೋಡಿಯಲ್ಲಿ ಅಥವಾ ತೂಬಿನ ಬಳಿ ಒಂದು ಇದ್ದರೆ ಆರಂಭಕ್ಕೆ ಸಾಕು. ಕೊಳವೆಯ ಮೂಲಕ ನೀರು ಬಿಡುವ ಪಾಲುದಾರರಿದ್ದರೆ ಆ ಕೊಳವೆಯ ಬಾಯಿಗೂ ಒಂದು ಬಿಂದು ಇರಲೇಬೇಕು. ಪ್ರತಿ ಬಿಂದುವಿನ ಜಿಪಿಎಸ್ ನಿರ್ದೇಶಾಂಕವನ್ನು ಬರೆದಿಟ್ಟು, ದಡದ ಒಂದು ಗುರುತಿನೊಡನೆ ಫೋಟೋ ತೆಗೆದಿಡಿ. ಸ್ವಯಂಸೇವಕರು ಬದಲಾದಾಗ ಬಿಂದುಗಳೂ ಮೆಲ್ಲಗೆ ಸರಿದುಬಿಡುತ್ತವೆ. ದಡದಂಚಿನ ನಿಂತ ನೀರನ್ನು ಇಡೀ ಕೆರೆಯ ಪ್ರತಿನಿಧಿಯೆಂದು ಎಣಿಸಬಾರದು. ಗಾಳಿಯು ಪಾಚಿಯನ್ನು ಒಂದು ಮೂಲೆಗೆ ದೂಡಿದ ದಿನ ಆ ಮೂಲೆಯ ಅಂಕಿಗೂ ನಡುಕೆರೆಯ ಅಂಕಿಗೂ ಸಂಬಂಧವೇ ಇರುವುದಿಲ್ಲ.

ಆವರ್ತನದ ವಿಷಯದಲ್ಲಿ ಹದಿನೈದು ದಿನಕ್ಕೊಮ್ಮೆ ಉತ್ತಮ, ತಿಂಗಳಿಗೊಮ್ಮೆ ಕನಿಷ್ಠ. ಇದರ ಜೊತೆಗೆ ಜೋರು ಮಳೆಯ ನಂತರ ಒಳಹರಿವಿನ ಬಾಯಿಗಳಲ್ಲಿ ವಿಶೇಷ ಮಾದರಿ ತೆಗೆಯಿರಿ. ಒಣ ದಿನಗಳ ಮಾದರಿಗಳಷ್ಟೇ ಇದ್ದರೆ ಹೊಲ ಮತ್ತು ರಸ್ತೆಗಳಿಂದ ಕೊಚ್ಚಿಬರುವ ಗೊಬ್ಬರ, ಎಣ್ಣೆ, ಮಣ್ಣಿನ ಲೆಕ್ಕವೇ ಕಾಣುವುದಿಲ್ಲ.

ಹೊತ್ತಿನ ಮಾತು ಇನ್ನೂ ಮುಖ್ಯ. ಹಗಲಿನಲ್ಲಿ ಪಾಚಿ ಬಿಸಿಲನ್ನು ಬಳಸಿ ಆಮ್ಲಜನಕ ಬಿಡುತ್ತದೆ. ರಾತ್ರಿ ಪಾಚಿ, ಮೀನು, ಬ್ಯಾಕ್ಟೀರಿಯಾ ಎಲ್ಲವೂ ಸೇರಿ ಅದನ್ನು ಉಸಿರಾಡಿ ಮುಗಿಸುತ್ತವೆ. ಹಾಗಾಗಿ ಪಾಚಿ ತುಂಬಿದ ಕೆರೆಯಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಲೀಟರಿಗೆ 12 ಮಿಲಿಗ್ರಾಂ ಆಮ್ಲಜನಕ ಕಂಡು, ಮರುದಿನ ಸೂರ್ಯೋದಯಕ್ಕೆ ಮುಂಚೆ 2 ಮಿಲಿಗ್ರಾಂ ಕಾಣಬಹುದು. ಕಂಪನಿಗಳ ನೌಕರರು ಸ್ವಯಂಸೇವೆಗೆ ಬರುವುದು ಸಾಮಾನ್ಯವಾಗಿ ಊಟದ ನಂತರ, ಬಸ್ಸಿನಲ್ಲಿ, ಒಟ್ಟಾಗಿ. ಆ ಅನುಕೂಲಕ್ಕೆ ತಕ್ಕಂತೆ ವೇಳಾಪಟ್ಟಿ ಮಾಡಿದರೆ ಕೆರೆಯ ಆರೋಗ್ಯ ಸದಾ ಅದ್ಭುತವಾಗಿಯೇ ಕಾಣುತ್ತದೆ, ಯಾರೂ ಮೋಸ ಮಾಡದಿದ್ದರೂ. ಆದ್ದರಿಂದ ಆಮ್ಲಜನಕದ ಅಳತೆಯನ್ನು ನಸುಕಿನಲ್ಲಿ ಬರಬಲ್ಲ ದಡದ ನಿವಾಸಿಗಳಿಗೂ, ತಿಳಿತನದ ಅಳತೆಯನ್ನು ಹಗಲಿನಲ್ಲಿ ಬರುವ ನೌಕರರಿಗೂ ಹಂಚುವುದು ಜಾಣತನ.

ಹಂತ 5: ಏನನ್ನು ಅಳೆಯಬೇಕು

ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 6.3.2 ಎಂಬ ಸೂಚಕವು ಜಲಮೂಲಗಳ ಗುಣಮಟ್ಟವನ್ನು ಕುರಿತದ್ದು. ಕೆರೆಗಳಿಗೆ ಅದು ಬಳಸುವ ಮೂಲ ಅಳತೆಗಳು ಐದು: ಕರಗಿದ ಆಮ್ಲಜನಕ, ವಿದ್ಯುತ್ ವಾಹಕತೆ, ಪಿಎಚ್, ಸಾರಜನಕ ಮತ್ತು ರಂಜಕ (ಫಾಸ್ಫರಸ್). ಇದಕ್ಕೆ ತಿಳಿತನ ಮತ್ತು ಉಷ್ಣತೆಯನ್ನು ಸೇರಿಸಿಕೊಂಡರೆ ಒಳ್ಳೆಯ ಬುನಾದಿಯಾಗುತ್ತದೆ. ಭಾರಲೋಹ, ಕೀಟನಾಶಕ ಮುಂತಾದವನ್ನು ಸಂಶಯಕ್ಕೆ ಕಾರಣವಿದ್ದಾಗ ಮಾತ್ರ ಪ್ರಯೋಗಾಲಯಕ್ಕೆ ಕಳಿಸಿ.

ತಿಳಿತನದ ಅಳತೆಗೆ ಸೆಕ್ಕಿ ತಟ್ಟೆಗಿಂತ ಅಗ್ಗದ, ನಂಬಲರ್ಹವಾದ ಸಾಧನ ಇನ್ನೊಂದಿಲ್ಲ. ಇಟಲಿಯ ಖಗೋಳ ವಿಜ್ಞಾನಿ ಆಂಜೆಲೊ ಸೆಕ್ಕಿ 1865ರಲ್ಲಿ ಪೋಪ್ ಅವರ ಹಡಗಿನಿಂದ ಮೆಡಿಟರೇನಿಯನ್ ಸಮುದ್ರಕ್ಕೆ ತಟ್ಟೆಗಳನ್ನು ಇಳಿಸಿ ಪರೀಕ್ಷಿಸಿದ್ದರಿಂದ ಈ ಹೆಸರು. ಕೆರೆಗಳಿಗೆ 20 ಸೆಂಟಿಮೀಟರ್ ವ್ಯಾಸದ, ಕಪ್ಪು-ಬಿಳಿ ಕಾಲುಭಾಗಗಳ ತಟ್ಟೆ ಬಳಕೆಯಲ್ಲಿದೆ. ಅದನ್ನು ಅಳತೆಯ ಹಗ್ಗಕ್ಕೆ ಕಟ್ಟಿ, ದೋಣಿಯ ನೆರಳಿನ ಬದಿಯಿಂದ ಇಳಿಸಿ, ಕಣ್ಮರೆಯಾದ ಆಳವನ್ನೂ ಮೇಲೆತ್ತುವಾಗ ಮತ್ತೆ ಕಂಡ ಆಳವನ್ನೂ ಬರೆದುಕೊಂಡು ಸರಾಸರಿ ತೆಗೆಯಬೇಕು. ತಂಪು ಕನ್ನಡಕ ಧರಿಸಿರಬಾರದು. ಸೂರ್ಯ ಎತ್ತರದಲ್ಲಿರುವ ಹೊತ್ತಾಗಬೇಕು. ತಟ್ಟೆ ತಳ ಮುಟ್ಟಿದರೂ ಕಾಣುತ್ತಿದ್ದರೆ ಆಳವನ್ನಷ್ಟೇ ಬರೆದರೆ ತಪ್ಪಾಗುತ್ತದೆ, ‘ತಳ ಕಾಣುತ್ತಿತ್ತು’ ಎಂದು ಸೇರಿಸಬೇಕು. ಹಗ್ಗ ನೆನೆದು ಹಿಗ್ಗುತ್ತದೆ, ಆದ್ದರಿಂದ ಆಗಾಗ ಅದರ ಗುರುತುಗಳನ್ನು ಟೇಪಿನಿಂದ ಸರಿನೋಡಿ.

ಈ ಆಳದಿಂದ ಕೆರೆಯ ಪೋಷಕಾಂಶದ ಸ್ಥಿತಿಯನ್ನು ಅಂದಾಜಿಸಲು ರಾಬರ್ಟ್ ಕಾರ್ಲ್‌ಸನ್ 1977ರಲ್ಲಿ ಒಂದು ಸೂಚ್ಯಂಕವನ್ನು ರೂಪಿಸಿದರು. ಎರಡು ಮೀಟರ್ ತಿಳಿತನಕ್ಕೆ 50, ಒಂದು ಮೀಟರಿಗೆ 60, ಅರ್ಧ ಮೀಟರಿಗೆ 70. ಅಂದರೆ ತಿಳಿತನ ಅರ್ಧಕ್ಕೆ ಇಳಿದಾಗಲೆಲ್ಲ ಸೂಚ್ಯಂಕ ಹತ್ತು ಏರುತ್ತದೆ. 40ರ ಕೆಳಗಿದ್ದರೆ ಪೋಷಕಾಂಶ ಕಡಿಮೆಯಿರುವ ತಿಳಿಗೆರೆ, 50ನ್ನು ದಾಟಿದರೆ ಪೋಷಕಾಂಶ ಮಿತಿಮೀರುತ್ತಿರುವ ಕೆರೆ. ಆದರೆ ಕೆಸರಿನಿಂದ ಕದಡಿದ ನೀರಿಗೆ ಈ ಲೆಕ್ಕ ಹೊಂದುವುದಿಲ್ಲ. ನೀರು ಹಸಿರೋ ಕೆಂಗಂದೋ ಎಂಬುದನ್ನು ಹಾಳೆಯಲ್ಲಿ ಬರೆಯಲು ಹೇಳುವುದು ಇದಕ್ಕಾಗಿಯೇ.

ರಂಜಕಕ್ಕೆ ಏಕಿಷ್ಟು ಮಹತ್ವ ಎಂದು ಪಾಲುದಾರರು ಕೇಳಿದಾಗ ಕೆನಡಾದ ಪ್ರಾಯೋಗಿಕ ಸರೋವರ ಪ್ರದೇಶದ 226ನೇ ಸಂಖ್ಯೆಯ ಸರೋವರದ ಕಥೆ ಹೇಳಿ. 1973ರಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು ಅದನ್ನು ಪ್ಲಾಸ್ಟಿಕ್ ಪರದೆಯಿಂದ ಎರಡಾಗಿ ಬೇರ್ಪಡಿಸಿ, ಎರಡೂ ಬದಿಗೆ ಇಂಗಾಲ ಮತ್ತು ಸಾರಜನಕ ಹಾಕಿದರು. ಒಂದು ಬದಿಗೆ ಮಾತ್ರ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಬದಿ ಹಸಿರು ಪಾಚಿಯಿಂದ ತುಂಬಿತು, ಇನ್ನೊಂದು ಬದಿ ಮೊದಲಿನಂತೆಯೇ ಉಳಿಯಿತು. ಮಾರ್ಜಕಗಳಲ್ಲಿ ಫಾಸ್ಫೇಟ್ ಬಳಕೆಯನ್ನು ನಿಯಂತ್ರಿಸಬೇಕೆಂಬ ವಾದಕ್ಕೆ ಮೇಲಿನಿಂದ ತೆಗೆದ ಆ ಒಂದು ಚಿತ್ರ ದೊಡ್ಡ ಬಲ ನೀಡಿತು. ಕಾರ್ಲ್‌ಸನ್ ಸೂಚ್ಯಂಕದಲ್ಲಿ 50ಕ್ಕೆ ಸಮನಾದ ಒಟ್ಟು ರಂಜಕ ಲೀಟರಿಗೆ ಕೇವಲ 24 ಮೈಕ್ರೋಗ್ರಾಂ. ಅನೇಕ ಬಣ್ಣದ ಕಿಟ್‌ಗಳು ಇಷ್ಟು ಕಡಿಮೆ ಪ್ರಮಾಣವನ್ನು ಗುರುತಿಸಲಾರವು, ಮತ್ತು ಅವು ತೋರಿಸುವುದು ಕರಗಿದ ಫಾಸ್ಫೇಟನ್ನು ಮಾತ್ರ. ಪಾಚಿಯ ಒಡಲಲ್ಲಿ ಸೇರಿಹೋದ ರಂಜಕ ಅವುಗಳ ಲೆಕ್ಕಕ್ಕೆ ಸಿಗುವುದಿಲ್ಲ. ಹಸಿರುಗಟ್ಟಿದ ಕೆರೆಯಲ್ಲಿ ಕಿಟ್ ‘ಫಾಸ್ಫೇಟ್ ಇಲ್ಲ’ ಎಂದರೆ ಸಂತೋಷಪಡಬೇಡಿ. ಒಟ್ಟು ರಂಜಕದ ಪರೀಕ್ಷೆಯನ್ನು ಪ್ರಯೋಗಾಲಯದಲ್ಲಿಯೇ ಮಾಡಿಸಿ. ಉದ್ಯಮದ ಹಣ ಅತ್ಯಂತ ಸಾರ್ಥಕವಾಗುವುದು ಈ ಖರ್ಚಿನಲ್ಲಿ.

ಇದರ ಜೊತೆಗೇ ಇನ್ನೊಂದು ಎಚ್ಚರಿಕೆ. ಕೆಲವು ಕಿಟ್‌ಗಳು ಅಂಕಿಯನ್ನು ‘ಫಾಸ್ಫೇಟ್’ ಎಂದೂ ಇನ್ನು ಕೆಲವು ‘ಫಾಸ್ಫೇಟಿನಲ್ಲಿರುವ ರಂಜಕ’ ಎಂದೂ ಕೊಡುತ್ತವೆ. ಎರಡರ ನಡುವೆ 3.07 ಪಟ್ಟು ಅಂತರವಿದೆ. ನೈಟ್ರೇಟಿನಲ್ಲಿ ಈ ಅಂತರ 4.43 ಪಟ್ಟು. ಊರಿನ ಗುಂಪು ಒಂದನ್ನು, ಕಂಪನಿಯ ಗುಂಪು ಇನ್ನೊಂದನ್ನು ಬಳಸಿ ಒಂದೇ ಪಟ್ಟಿಯಲ್ಲಿ ತುಂಬಿದರೆ ಒಂದೇ ಕೆರೆ ಒಂದು ವಾರ ಕೊಳೆತು ಮರುವಾರ ಶುದ್ಧವಾದಂತೆ ಕಾಣುತ್ತದೆ. ದಾಖಲೆ ಹಾಳೆಯಲ್ಲಿ ಏಕಮಾನವನ್ನು ಮೊದಲೇ ಮುದ್ರಿಸಿಡುವುದೊಂದೇ ಇದಕ್ಕೆ ಮದ್ದು.

ಆಮ್ಲಜನಕದ ಅಂಕಿಯನ್ನು ಉಷ್ಣತೆಯಿಲ್ಲದೆ ಓದಲಾಗದು. ಸಮುದ್ರಮಟ್ಟದಲ್ಲಿ 20 ಡಿಗ್ರಿ ಸೆಲ್ಸಿಯಸ್‌ನ ಸಿಹಿನೀರು ಲೀಟರಿಗೆ ಸುಮಾರು 9.1 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು, 30 ಡಿಗ್ರಿಯಲ್ಲಿ 7.6 ಮಾತ್ರ, ಎತ್ತರದ ಪ್ರದೇಶಗಳಲ್ಲಿ ಇನ್ನೂ ಕಡಿಮೆ. 5 ಮಿಲಿಗ್ರಾಂಗಿಂತ ಕೆಳಗಿಳಿದರೆ ಅನೇಕ ಮೀನುಗಳಿಗೆ ಸಂಕಟ ಆರಂಭವಾಗುತ್ತದೆ. ಆಳವಾದ ಜಾಗದಲ್ಲಿ ಮೇಲ್ಮೈಯಿಂದ ತಳದವರೆಗೆ ಮೀಟರಿಗೊಂದರಂತೆ ಅಳೆಯಿರಿ, ಏಕೆಂದರೆ ಬೆಚ್ಚಗಿನ ನೀರು ಮೇಲೂ ತಣ್ಣನೆಯದು ಕೆಳಗೂ ಪದರಗಟ್ಟಿದಾಗ ತಳದಲ್ಲಿ ಆಮ್ಲಜನಕ ಪೂರ್ತಿ ಮುಗಿದಿರಬಹುದು, ಆಗ ಹೂಳಿನಲ್ಲಿ ಕೂತಿದ್ದ ರಂಜಕ ಮತ್ತೆ ನೀರಿಗೆ ಬಿಡುಗಡೆಯಾಗುತ್ತದೆ.

ಪಿಎಚ್ ಮತ್ತು ಅಮೋನಿಯಾವನ್ನು ಜೋಡಿಯಾಗಿ ನೋಡಬೇಕು. 25 ಡಿಗ್ರಿಯ ನೀರಿನಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ಮೀನಿಗೆ ವಿಷವಾಗುವ ರೂಪ ಶೇ. 0.6ರಷ್ಟಿದ್ದರೆ, ಪಿಎಚ್ 9ಕ್ಕೆ ಏರಿದಾಗ ಅದು ಶೇ. 36ರಷ್ಟಾಗುತ್ತದೆ. ಪಾಚಿ ತುಂಬಿದ ಕೆರೆಯಲ್ಲಿ ಬಿಸಿಲೇರಿದ ಮೇಲೆ ಪಿಎಚ್ 9ನ್ನು ಮುಟ್ಟುವುದು ಅಪರೂಪವಲ್ಲ. ವಿದ್ಯುತ್ ವಾಹಕತೆಯ ಮೀಟರು ಮಾತ್ರ ಕ್ಷಣದಲ್ಲಿ ಉತ್ತರ ಕೊಡುತ್ತದೆ; ಕಾಲುವೆಯುದ್ದಕ್ಕೂ ಅದನ್ನು ಹಿಡಿದು ನಡೆದರೆ ಅಂಕಿ ಹಠಾತ್ತನೆ ಜಿಗಿದ ಜಾಗದಲ್ಲಿ ಹೊಸ ನೀರೇನೋ ಸೇರುತ್ತಿದೆ ಎಂದರ್ಥ.

ಹಂತ 6: ಮಾದರಿ ತೆಗೆಯುವ ಕ್ರಮ

ಈ ಕ್ರಮವನ್ನು ಒಂದು ಹಾಳೆಯಲ್ಲಿ ಮುದ್ರಿಸಿ, ಪ್ಲಾಸ್ಟಿಕ್ ಹೊದಿಸಿ, ಪ್ರತಿ ಕಿಟ್ಟಿನೊಳಗೂ ಇಡಿ.

1. ಹೊರಡುವ ಮುನ್ನ ಪಿಎಚ್ ಮೀಟರನ್ನು 7 ಮತ್ತು 10ರ, ಆಮ್ಲೀಯ ನೀರಾದರೆ 4 ಮತ್ತು 7ರ ಬಫರ್ ದ್ರಾವಣಗಳಲ್ಲಿ, ವಾಹಕತೆಯ ಮೀಟರನ್ನು 1413 ಮೈಕ್ರೋಸೀಮೆನ್ಸ್ ದ್ರಾವಣದಲ್ಲಿ ಕ್ಯಾಲಿಬ್ರೇಟ್ ಮಾಡಿ, ಓದಿದ ಅಂಕಿಯನ್ನು ಬರೆದಿಡಿ.
2. ಕನಿಷ್ಠ ಇಬ್ಬರು ಹೋಗಿ. ದೋಣಿಯಲ್ಲಿ ಜೀವರಕ್ಷಕ ಜಾಕೆಟ್ ಕಡ್ಡಾಯ. ಗುಡುಗು ಕೇಳಿಸಿದರೆ ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು.
3. ನೀರು ಬಣ್ಣ ಬಳಿದಂತೆ ದಟ್ಟ ಹಸಿರಾಗಿದ್ದರೆ ನೀಲಿ-ಹಸಿರು ಪಾಚಿಯ ವಿಷವಿರಬಹುದು. ಕೈಗವಸು ಇಲ್ಲದೆ ಮುಟ್ಟಬೇಡಿ, ಮಕ್ಕಳನ್ನು ದೂರವಿಡಿ.
4. ಮೊದಲು ಕಣ್ಣಿಗೆ ಕಂಡದ್ದನ್ನು ಬರೆಯಿರಿ: ಗಾಳಿ, ಮೋಡ, ಹಿಂದಿನ ಎರಡು ದಿನಗಳ ಮಳೆ, ನೀರಿನ ಬಣ್ಣ, ವಾಸನೆ, ನೊರೆ, ಸತ್ತ ಮೀನು.
5. ಬಾಟಲಿಯನ್ನು ಅದೇ ಕೆರೆಯ ನೀರಿನಲ್ಲಿ ಮೂರು ಬಾರಿ ಜಾಲಾಡಿಸಿ. ಬ್ಯಾಕ್ಟೀರಿಯಾ ಪರೀಕ್ಷೆಯ ಕ್ರಿಮಿರಹಿತ ಬಾಟಲಿ ಮತ್ತು ಮೊದಲೇ ಆಮ್ಲ ಹಾಕಿರುವ ಬಾಟಲಿಗಳನ್ನು ಮಾತ್ರ ಜಾಲಾಡಿಸಬಾರದು.
6. ಬಾಟಲಿಯ ಬಾಯಿ ಕೆಳಗಾಗಿ ಹಿಡಿದು ಮೇಲ್ಮೈಯಿಂದ ಸುಮಾರು 30 ಸೆಂಟಿಮೀಟರ್ ಆಳಕ್ಕೆ ಇಳಿಸಿ, ಅಲ್ಲಿ ತಿರುಗಿಸಿ ತುಂಬಿ. ಆಮ್ಲ ಹಾಕಿರುವ ಬಾಟಲಿಯನ್ನು ನೀರಿಗಿಳಿಸದೆ ಇನ್ನೊಂದು ಶುದ್ಧ ಪಾತ್ರೆಯಿಂದ ತುಂಬಿಸಿ. ತೇಲುವ ಕೆನೆ ಸೇರಬಾರದು, ತಳದ ಕೆಸರೂ ಕದಡಬಾರದು.
7. ತಕ್ಷಣ ಚೀಟಿ ಅಂಟಿಸಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಕತ್ತಲಲ್ಲಿಡಿ. ಬ್ಯಾಕ್ಟೀರಿಯಾ ಮಾದರಿ ಆರು ಗಂಟೆಯೊಳಗೆ, ಬಿಒಡಿ (ನೀರಿನ ಕೊಳೆಯನ್ನು ಅರಗಿಸಲು ಬ್ಯಾಕ್ಟೀರಿಯಾಕ್ಕೆ ಬೇಕಾಗುವ ಆಮ್ಲಜನಕ) ಮಾದರಿ ತಡವೆಂದರೆ 48 ಗಂಟೆಯೊಳಗೆ ಪ್ರಯೋಗಾಲಯದಲ್ಲಿ ಪರೀಕ್ಷೆಗೆ ಒಳಪಡಬೇಕು.

ರಂಜಕದ ಬಾಟಲಿಗಳನ್ನು ಮನೆಯಲ್ಲಿ ಸೋಪಿನ ಪುಡಿಯಿಂದ ತೊಳೆದು ತರುವ ಉತ್ಸಾಹಿಗಳು ಇದ್ದೇ ಇರುತ್ತಾರೆ. ಮಾರ್ಜಕದಲ್ಲಿ ಫಾಸ್ಫೇಟ್ ಇರಬಹುದು. ನೀರು ಬೆರೆಸಿ ತೆಳುಗೊಳಿಸಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದ ಬಾಟಲಿಗಳನ್ನು ಪ್ರಯೋಗಾಲಯದಿಂದಲೇ ಪಡೆಯಿರಿ.

ಹಂತ 7: ಅಂಕಿಯನ್ನು ನಂಬುವುದು ಹೇಗೆ

ಪ್ರತಿ ಹತ್ತು ಮಾದರಿಗೆ ಒಂದನ್ನು ಜೋಡಿಯಾಗಿ ತೆಗೆಯಿರಿ, ಅಂದರೆ ಒಂದೇ ಜಾಗದಲ್ಲಿ ಒಂದರ ಹಿಂದೊಂದು ಎರಡು ಬಾಟಲಿ. ಎರಡರ ಫಲಿತಾಂಶದಲ್ಲಿ ಶೇ. 20ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ದಿನದ ಅಂಕಿಗಳಿಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಕಾರಣ ಹುಡುಕಿ. ಪ್ರತಿ ಸುತ್ತಿನಲ್ಲಿ ಒಂದು ಬಾಟಲಿಗೆ ಬಟ್ಟಿಯಿಳಿಸಿದ ನೀರನ್ನು ಕೆರೆಯ ಬಳಿಯೇ ತುಂಬಿ ಉಳಿದವುಗಳ ಜೊತೆ ಕಳಿಸಿ. ಅದರಲ್ಲಿ ರಂಜಕ ಕಂಡುಬಂದರೆ ತೊಂದರೆ ಕೆರೆಯಲ್ಲಿಲ್ಲ, ನಿಮ್ಮ ಬಾಟಲಿಯಲ್ಲಿದೆ.

ಬಾಟಲಿಗಳ ಮೇಲೆ ಸಂಕೇತ ಸಂಖ್ಯೆ ಮಾತ್ರ ಇರಲಿ. ಯಾವ ಸಂಖ್ಯೆ ಯಾವ ಜಾಗದ್ದೆಂಬ ಪಟ್ಟಿ ಸಮಿತಿಯ ಬಳಿ ಉಳಿಯಲಿ. ಪ್ರಯೋಗಾಲಯದ ಶುಲ್ಕವನ್ನು ಪಾಲುದಾರ ಉದ್ಯಮವೇ ಕಟ್ಟುತ್ತಿರುವಾಗ ಇದು ಎರಡೂ ಕಡೆಯವರಿಗೆ ರಕ್ಷಣೆ: ಪರೀಕ್ಷಕರಿಗೆ ಯಾವುದು ಕಾರ್ಖಾನೆಯ ಕೊಳವೆ, ಯಾವುದು ನಡುಕೆರೆ, ಯಾವುದು ಬಟ್ಟಿಯಿಳಿಸಿದ ನೀರು ಎಂದು ಗೊತ್ತಿರುವುದಿಲ್ಲ, ಹಾಗಾಗಿ ಯಾರೂ ಯಾರನ್ನೂ ಸಂಶಯಿಸಬೇಕಿಲ್ಲ. ವರ್ಷದಲ್ಲಿ ಒಂದೆರಡು ಬಾರಿ ಒಂದೇ ಮಾದರಿಯನ್ನು ಎರಡಾಗಿ ಮಾಡಿ ಇನ್ನೊಂದು ಪ್ರಯೋಗಾಲಯಕ್ಕೂ ಕಳಿಸಿ ಹೋಲಿಸಿ ನೋಡಿ.

ವಿಚಿತ್ರವಾದ ಅಂಕಿಯನ್ನು ಅಳಿಸಿಹಾಕಬೇಡಿ. ಅದರ ಪಕ್ಕ ಟಿಪ್ಪಣಿ ಬರೆದು ಉಳಿಸಿಕೊಳ್ಳಿ.

ಹಂತ 8: ಪ್ರಕಟಣೆ

ಮೂಲ ಅಂಕಿಗಳ ಪಟ್ಟಿ ಯಾರು ಬೇಕಾದರೂ ಇಳಿಸಿಕೊಳ್ಳುವಂತಿರಲಿ. ಜೊತೆಗೆ ಕೆರೆಯ ದಡದಲ್ಲಿ ಒಂದು ಫಲಕವೂ ಇರಲಿ. ಫಲಕದ ಮೇಲೆ ತಿಳಿತನ, ನಸುಕಿನ ಆಮ್ಲಜನಕ ಮತ್ತು ಈಜಬಹುದೇ ಎಂಬ ಮೂರು ಸಂಗತಿಗಳು ಸಾಕು. ನಾಲ್ಕಾರು ಅಳತೆಗಳನ್ನು ಕಲಸಿ ಒಂದೇ ಅಂಕವಾಗಿ ತೋರಿಸುವ ಸೂಚ್ಯಂಕಗಳ ಬಗ್ಗೆ ನನಗೆ ಒಲವಿಲ್ಲ. ಇ. ಕೋಲಿ ಮಿತಿ ಮೀರಿದ ಕೆರೆಗೂ ಉಳಿದದ್ದೆಲ್ಲ ಚೆನ್ನಾಗಿದ್ದ ಬಲದಿಂದ ‘ಉತ್ತಮ’ ಎಂಬ ಪಟ್ಟ ಸಿಕ್ಕಿಬಿಡುತ್ತದೆ.

ಉಪಗ್ರಹ ಚಿತ್ರಗಳನ್ನು ಪೂರಕವಾಗಿ ಬಳಸಿಕೊಳ್ಳಿ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು 10 ಮೀಟರ್ ಸ್ಪಷ್ಟತೆಯ ಚಿತ್ರಗಳನ್ನು ಸುಮಾರು ಐದು ದಿನಕ್ಕೊಮ್ಮೆ ಉಚಿತವಾಗಿ ಒದಗಿಸುತ್ತವೆ. ಮೋಡವಿಲ್ಲದ ದಿನಗಳಲ್ಲಿ ಪಾಚಿ ಎಲ್ಲಿಂದ ಎಲ್ಲಿಗೆ ಹರಡಿತೆಂದು ಅವುಗಳಲ್ಲಿ ಕಾಣುತ್ತದೆ. ದತ್ತಾಂಶ ತಂತ್ರಜ್ಞರಿರುವ ಪಾಲುದಾರ ಕಂಪನಿಗೆ ಒಪ್ಪಿಸಲು ಇದು ಹೇಳಿ ಮಾಡಿಸಿದ ಕೆಲಸ.

ಹಂತ 9: ಅಂಕಿಯಿಂದ ಕ್ರಮಕ್ಕೆ

ಪ್ರತಿ ಅಳತೆಗೂ ಒಂದು ಎಚ್ಚರಿಕೆಯ ಗೆರೆಯನ್ನೂ, ಆ ಗೆರೆ ದಾಟಿದರೆ ಯಾರು, ಎಷ್ಟು ದಿನದೊಳಗೆ, ಏನು ಮಾಡಬೇಕೆಂಬುದನ್ನೂ ಮುಂಚಿತವಾಗಿ ಬರೆದಿಡಿ. ನಸುಕಿನ ಆಮ್ಲಜನಕ 3 ಮಿಲಿಗ್ರಾಂಗೆ ಇಳಿದರೆ ಮೀನುಗಾರರಿಗೆ ಅಂದೇ ಸುದ್ದಿ. ಒಳಹರಿವಿನಲ್ಲಿ ಅಮೋನಿಯಾ ಏರಿದರೆ ಒಂದು ವಾರದೊಳಗೆ ಕಾಲುವೆಯುದ್ದಕ್ಕೂ ನಡೆದು ಮೂಲ ಪತ್ತೆ. ಪಾಲುದಾರರ ಕೊಳವೆಯಲ್ಲಿ ಮಿತಿ ಮೀರಿದರೆ ಮರುಪರೀಕ್ಷೆ, ನಂತರ ದಿನಾಂಕ ನಮೂದಿಸಿದ ದುರಸ್ತಿ ಯೋಜನೆ.

ಫಲಿತಾಂಶಕ್ಕಾಗಿ ಎಷ್ಟು ಕಾಯಬೇಕೆಂಬುದನ್ನು ಪಾಲುದಾರರಿಗೆ ಮೊದಲೇ ತಿಳಿಸುವುದು ಒಳ್ಳೆಯದು. ಅಮೆರಿಕದ ಸಿಯಾಟಲ್ ನಗರದ ಪಕ್ಕದ ವಾಷಿಂಗ್ಟನ್ ಸರೋವರದಲ್ಲಿ 1955ರಲ್ಲಿ ಕೊಳಚೆಯ ಕುರುಹಾದ ಒಂದು ಬಗೆಯ ನೀಲಿ-ಹಸಿರು ಪಾಚಿ ಕಾಣಿಸಿಕೊಂಡಿತು, ಡಬ್ಲ್ಯು. ಟಿ. ಎಡ್ಮಂಡ್ಸನ್ ಎಂಬ ವಿಜ್ಞಾನಿ ಅಂಕಿಗಳನ್ನು ಜನರ ಮುಂದಿಟ್ಟರು. ಜನ 1958ರಲ್ಲಿ ಮತ ಹಾಕಿ ಹೊಸ ಒಳಚರಂಡಿ ವ್ಯವಸ್ಥೆಗೆ ಒಪ್ಪಿದರು. 1963ರಿಂದ 1968ರೊಳಗೆ ಕೊಳಚೆಯನ್ನು ಸರೋವರದಿಂದ ಬೇರೆಡೆಗೆ ತಿರುಗಿಸಲಾಯಿತು, ಮತ್ತು ಒಂದು ಮೀಟರಿಗೂ ಕೆಳಗಿಳಿದಿದ್ದ ತಿಳಿತನ ಬೇಗನೆ ಚೇತರಿಸಿಕೊಂಡಿತು. ಆದರೆ ಅದು ಆಳವಾದ ಸರೋವರ. ಆಳವಿಲ್ಲದ, ಹೂಳು ತುಂಬಿದ ಕೆರೆಗಳಲ್ಲಿ ಕೊಳಚೆ ಪೂರ್ತಿ ನಿಂತರೂ ತಳದ ರಂಜಕ ಮೇಲೇಳುತ್ತಲೇ ಇರುವುದರಿಂದ ಸುಧಾರಣೆಗೆ ಹತ್ತು ಹದಿನೈದು ವರ್ಷ ಹಿಡಿಯಬಹುದು. ಆದ್ದರಿಂದ ಮೂರು ವರ್ಷಗಳ ಒಡಂಬಡಿಕೆ ನವೀಕರಣಕ್ಕೆ ಬಂದಾಗ ನಡುಕೆರೆಯ ಅಂಕಿಗಳಷ್ಟನ್ನೇ ಮೇಜಿನ ಮೇಲಿಟ್ಟರೆ ಹಣ ಕೊಟ್ಟವರಿಗೆ ನಿರಾಶೆಯಾಗುವುದು ಖಚಿತ. ಒಳಹರಿವಿನ ಬಾಯಿಗಳಲ್ಲಿ ರಂಜಕ ಎಷ್ಟು ಇಳಿದಿದೆ ಎಂಬ ಪಟ್ಟಿಯನ್ನೂ ಪಕ್ಕದಲ್ಲಿಡಿ, ಬದಲಾವಣೆ ಮೊದಲು ಕಾಣಿಸುವುದು ಅಲ್ಲಿ. ಖರ್ಚು ಕಡಿತ ಅನಿವಾರ್ಯವಾದರೆ ಬಿಂದುಗಳನ್ನು ಕಡಿಮೆ ಮಾಡಿ, ಪರೀಕ್ಷೆಗಳನ್ನು ಕಡಿಮೆ ಮಾಡಿ, ಆದರೆ ಆಳದ ಜಾಗದ ಸೆಕ್ಕಿ ತಟ್ಟೆಯನ್ನೂ ಒಳಹರಿವಿನ ಒಟ್ಟು ರಂಜಕವನ್ನೂ ಯಾವ ಕಾರಣಕ್ಕೂ ಕೈಬಿಡಬೇಡಿ.